ಹೆಸರಲ್ಲೇ ಕೊಯ್ಲಿನ ಕಾಲ: ಚೀನಾದ ಶ್ಯಾ ಕು ತ್ಸಾವ್

ಮೇಜಿನ ಮೇಲಿರುವ ಶೀಶೆಯಲ್ಲಿ ಕಂದು ಬಣ್ಣದ, ಕಿರುಬೆರಳಿನ ಗಾತ್ರದ ಒಣ ತೆನೆಗಳಿವೆ. ಒಂದೊಂದನ್ನು ತೆಗೆದುಕೊಂಡು ಹಿಂದಿನ ಸಾಲಿಗೆ ದಾಟಿಸಿ. ಕೈಯಲ್ಲಿ ಇಟ್ಟುಕೊಂಡರೆ ತೂಕವೇ ಗೊತ್ತಾಗುವುದಿಲ್ಲ. ಮೂಸಿದರೆ ಒಣಹುಲ್ಲಿನ ತೆಳು ವಾಸನೆ, ಅಷ್ಟೇ. ಅಗಿದರೆ ಸಪ್ಪೆ. ಇಂಥದ್ದೊಂದು ವಸ್ತುವನ್ನು ಚೀನೀಯರು ಎರಡು ಸಾವಿರ ವರ್ಷದ ಹತ್ತಿರ ಔಷಧವಾಗಿ ಇಟ್ಟುಕೊಂಡಿದ್ದಾರೆ. ಅದರ ಹೆಸರು ಶ್ಯಾ ಕು ತ್ಸಾವ್. ಶ್ಯಾ ಎಂದರೆ ಬೇಸಿಗೆ, ಕು ಎಂದರೆ ಒಣಗುವುದು, ತ್ಸಾವ್ ಎಂದರೆ ಹುಲ್ಲು ಅಥವಾ ಸಣ್ಣ ಗಿಡ. ಬೇಸಿಗೆಯಲ್ಲಿ ಒಣಗುವ ಗಿಡ. ಸಸ್ಯಶಾಸ್ತ್ರದ ಹೆಸರು ಪ್ರುನೆಲ್ಲ ವಲ್ಗ್ಯಾರಿಸ್.

ಇಲ್ಲಿ ಬೇಸಿಗೆ ಎಂದ ತಕ್ಷಣ ನಮ್ಮ ಮನಸ್ಸಿಗೆ ಏಪ್ರಿಲ್ ತಿಂಗಳ ಬಿಸಿಲು ಬರುತ್ತದೆ. ಅದಲ್ಲ. ಅವರ ಲೆಕ್ಕದಲ್ಲಿ ಬೇಸಿಗೆಯ ನಡುಮಧ್ಯ ಎಂದರೆ ಜೂನ್ 21ರ ಸುಮಾರು, ವರ್ಷದ ಅತಿ ಉದ್ದದ ಹಗಲು. ನಮ್ಮಲ್ಲಿ ಆರಿದ್ರಾ ಮಳೆ ಹಿಡಿಯುವ ಹೊತ್ತು ಅದು. ನಾವು ಮಳೆ ನಕ್ಷತ್ರಗಳನ್ನು ಹಿಡಿದು ಬಿತ್ತನೆಯ ದಿನ ಹೇಳುವ ಹಾಗೆ ಅವರು ವರ್ಷವನ್ನು 24 ಭಾಗ ಮಾಡಿ, ಒಂದೊಂದು ಭಾಗವನ್ನೂ ಐದೈದು ದಿನದ ಮೂರು ತುಂಡು ಮಾಡಿ, ಒಟ್ಟು 72 ತುಂಡುಗಳಿಗೆ ಹೆಸರಿಟ್ಟರು. ಈ ಪದ್ಧತಿ ಜಪಾನಿಗೆ ಹೋದಾಗ ಶಿಬುಕಾವ ಶುಂಕಾಯ್ ಎಂಬ ಪಂಚಾಂಗಕಾರ 17ನೇ ಶತಮಾನದ ಕೊನೆಯಲ್ಲಿ ಅದನ್ನು ತನ್ನ ನೆಲಕ್ಕೆ ಹೊಂದಿಸಿ ತಿದ್ದಿದ. ಆ ಪಟ್ಟಿಯಲ್ಲಿ ಜೂನ್ 21ರಿಂದ ಶುರುವಾಗುವ ಐದು ದಿನಗಳ ಹೆಸರು 'ಈ ಗಿಡ ಒಣಗುತ್ತದೆ' ಎಂದು. ಡಿಸೆಂಬರ್ 22ರಿಂದ ಶುರುವಾಗುವ ಐದು ದಿನಗಳ ಹೆಸರು 'ಈ ಗಿಡ ಚಿಗುರುತ್ತದೆ' ಎಂದು. ಬೆಟ್ಟದ ಹುಲ್ಲುಗಾವಲಲ್ಲಿ ಮೊಣಕಾಲುದ್ದವೂ ಬೆಳೆಯದ ಗಿಡವೊಂದು ಪಂಚಾಂಗದಲ್ಲಿ ಎರಡು ಕಡೆ ಕೂತಿದೆ ಎಂದರೆ ಜನ ಅದನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಎಂದು ಊಹಿಸಿ.

ಈ ಔಷಧದ ವಿಷಯದಲ್ಲಿ ಕೆಡುವುದೆಲ್ಲ ಮೂರು ಕಡೆ ಕೆಡುತ್ತದೆ: ಗಿಡ ಬೇರೆಯಾಗುತ್ತದೆ, ಗಿಡದ ಭಾಗ ಬೇರೆಯಾಗುತ್ತದೆ, ಅಥವಾ ಕೊಯ್ದ ಕಾಲ ತಪ್ಪುತ್ತದೆ. ಇವತ್ತಿನ ಮಾತೆಲ್ಲ ಈ ಮೂರರ ಸುತ್ತ.

ಮೊದಲು ಗಿಡ. ನಿಮಗೆ ತುಂಬೆ ಗಿಡ ಗೊತ್ತು. ತುಳಸಿ, ಪುದೀನ, ದೊಡ್ಡಪತ್ರೆ ಗೊತ್ತು. ಇವುಗಳ ಕುಟುಂಬದ್ದೇ ಇದು. ಎಳೆಯ ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಹೂವಿಗೆ ಎರಡು ತುಟಿ, ಮೇಲಿನ ತುಟಿ ಟೋಪಿಯ ಹಾಗೆ ಬಾಗಿರುತ್ತದೆ, ಬಣ್ಣ ನೇರಳೆ. ಆದರೆ ತುಳಸಿ, ಪುದೀನದ ಹಾಗೆ ಎಲೆ ಹಿಸುಕಿದರೆ ಘಮ ಬರುವುದಿಲ್ಲ. ಬುಡದಿಂದ ಹೊರಟ ಕಾಂಡಗಳು ನೆಲಕ್ಕೆ ಅಂಟಿ ಹರಿದು, ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತವೆ. ಹೂ ಬಿಡುವ ಕಾಂಡ ಮಾತ್ರ ನೆಟ್ಟಗೆ, ಸಾಮಾನ್ಯವಾಗಿ ಒಂದು ಗೇಣಿನಿಂದ ಒಂದು ಅಡಿ ಏಳುತ್ತದೆ. ಪದೇ ಪದೇ ಕತ್ತರಿಸುವ ಹುಲ್ಲುಹಾಸಿನಲ್ಲಿ ಬೆಳೆದರೆ ಇನ್ನೂ ಗಿಡ್ಡವಾಗಿಯೇ ಇದ್ದು, ಕತ್ತರಿಗೆ ಸಿಗದ ಎತ್ತರದಲ್ಲಿ ಹೂ ಬಿಟ್ಟುಬಿಡುತ್ತದೆ. ಯುರೋಪ್, ಏಷ್ಯಾ, ಉತ್ತರ ಅಮೆರಿಕದ ತಂಪು ಸೀಮೆಯಲ್ಲೆಲ್ಲ ಇದಿದೆ. ನಮ್ಮ ದೇಶದಲ್ಲಿ ಹಿಮಾಲಯದ ಹುಲ್ಲುಗಾವಲುಗಳಲ್ಲಿ, ಕಾಶ್ಮೀರದಿಂದ ಹಿಡಿದು ಈಶಾನ್ಯದವರೆಗೆ ಸಿಗುತ್ತದೆ.

ಈಗ ಕೈಯಲ್ಲಿರುವ ತೆನೆಯನ್ನು ಕಣ್ಣಿನ ಹತ್ತಿರ ತನ್ನಿ. ತೆನೆ ಒಂದರ ಮೇಲೊಂದು ಪೇರಿಸಿದ ಸುತ್ತುಗಳಿಂದ ಆಗಿದೆ. ಒಂದು ತೆನೆಯಲ್ಲಿ ನಾಲ್ಕಾರರಿಂದ ಹತ್ತು ಹನ್ನೆರಡು ಸುತ್ತು ಇರಬಹುದು. ಪ್ರತಿ ಸುತ್ತಿನಲ್ಲೂ ಎದುರುಬದುರು ಎರಡು ಬೀಸಣಿಗೆ ಆಕಾರದ ಪುಟ್ಟ ಎಲೆಗಳು, ತುದಿ ಚೂಪು, ನರಗಳು ಎದ್ದು ಕಾಣುತ್ತವೆ, ಹೊರಮೈಯಲ್ಲಿ ಬಿಳಿ ರೋಮ. ಒಂದೊಂದು ಬೀಸಣಿಗೆಯ ಮಡಿಲಲ್ಲಿ ಮೂರು ಹೂ. ಹೂವಿನ ನೇರಳೆ ಭಾಗ ಉದುರಿ ಹೋಗಿದೆ, ಅದನ್ನು ಬುಡದಲ್ಲಿ ಹಿಡಿದಿದ್ದ ಬಟ್ಟಲು ಮಾತ್ರ ಉಳಿದಿದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಪುಷ್ಪಪಾತ್ರೆ ಎನ್ನುತ್ತಾರೆ. ಆ ಬಟ್ಟಲಿಗೂ ಎರಡು ತುಟಿ. ಮೇಲಿನದು ಅಗಲ, ತುದಿಯಲ್ಲಿ ಮೂರು ಮೊಂಡು ಹಲ್ಲು. ಕೆಳಗಿನದು ಕಿರಿದು, ಎರಡಾಗಿ ಸೀಳಿದೆ. ಉಗುರಿನಿಂದ ತುಟಿ ಬಿಡಿಸಿದರೆ ಒಳಗೆ ನಾಲ್ಕು ಕಂದು ಬೀಜ, ಒಂದೊಂದರ ತುದಿಯಲ್ಲೂ ಬಿಳಿ ಚುಕ್ಕೆಯ ಹಾಗೆ ಒಂದು ಉಬ್ಬು. ಲೆಕ್ಕ ಹಾಕಿ: ಸುತ್ತಿಗೆ ಆರು ಹೂ, ಹೂವಿಗೆ ನಾಲ್ಕು ಬೀಜ, ಸುತ್ತಿಗೆ 24. ಹತ್ತು ಸುತ್ತಿನ ತುಂಬಿದ ತೆನೆಯಲ್ಲಿ 240 ಬೀಜ.

ಇನ್ನೊಂದು ನೋಡುವಂಥದ್ದು. ಒಣ ತೆನೆಯಲ್ಲಿ ಬಟ್ಟಲುಗಳೆಲ್ಲ ಬಾಯಿ ಮುಚ್ಚಿಕೊಂಡಿವೆ. ಈ ಲೋಟದ ನೀರಿನಲ್ಲಿ ಒಂದು ತೆನೆ ಹಾಕಿದ್ದೇವೆ. ಮಾತು ಮುಗಿಯುವ ಹೊತ್ತಿಗೆ ಮತ್ತೆ ನೋಡಿ, ತುಟಿಗಳು ಬಿಟ್ಟುಕೊಂಡಿರುತ್ತವೆ. ಸತ್ತ ತೆನೆಯೇ ಆದರೂ ಒದ್ದೆಯಾದರೆ ತೆರೆಯುತ್ತದೆ, ಒಣಗಿದರೆ ಮುಚ್ಚುತ್ತದೆ. ಹುಲ್ಲುಗಾವಲಲ್ಲಿ ಮಳೆ ಬಂದಾಗ ಹೀಗೇ ತೆರೆದುಕೊಳ್ಳುತ್ತದೆ. ಮಳೆಯ ಹನಿ ಮೇಲಿಂದ ಬಿದ್ದ ಪೆಟ್ಟಿಗೆ ಬಟ್ಟಲು ಬಾಗಿ, ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಚಿಮ್ಮಿ, ಬೀಜವನ್ನು ಆಚೆಗೆ ಎಸೆಯುತ್ತದೆ. ಒದ್ದೆಯಾದ ಬೀಜದ ಮೇಲೆ ಕಾಮಕಸ್ತೂರಿ ಬೀಜದ ಹಾಗೆ ಲೋಳೆ ಬರುತ್ತದೆ. ಹೋಗಿ ಬಿದ್ದ ಜಾಗದಲ್ಲಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಗಿಡದ ಮಟ್ಟಿಗೆ ಇದು ಬಹಳ ಚೆಂದದ ಏರ್ಪಾಡು. ಕೊಯ್ಯುವವರ ಮಟ್ಟಿಗೆ ಇದೇ ದೊಡ್ಡ ತಲೆನೋವು.

ಯಾಕೆಂದು ಹೇಳುತ್ತೇನೆ. ಈ ಔಷಧ ಹೆಚ್ಚಾಗಿ ಬರುವುದು ಹೆನಾನ್, ಆನ್‌ಹುಯ್, ಜ್ಯಾಂಗ್ಸು, ಹುಬೇ ಪ್ರಾಂತಗಳಿಂದ. ಹೆನಾನ್ ಪ್ರಾಂತದ ಚುಯೇಶಾನ್ ತಾಲೂಕಿನದ್ದಕ್ಕೆ ಹೆಸರು ಜಾಸ್ತಿ. ಗಿಡ ಅಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹೂ ಬಿಟ್ಟು, ಮೇ ಕೊನೆಯಿಂದ ಜೂನ್ ತನಕ ತೆನೆ ಕಂದಾಗುತ್ತದೆ. ಯಾಂಗ್‌ಟ್ಸೆ ನದಿಯ ಆಸುಪಾಸಿನಲ್ಲಿ ಜೂನ್ ನಡುವಿಗೆ ವಾರಗಟ್ಟಲೆ ಬಿಡದೆ ಸುರಿಯುವ ಮಳೆ ಹಿಡಿಯುತ್ತದೆ. ಪ್ಲಮ್ ಹಣ್ಣಾಗುವ ಕಾಲ ಎಂದು ಅದಕ್ಕೆ ಪ್ಲಮ್ ಮಳೆ ಎನ್ನುತ್ತಾರೆ. ತೆನೆ ಬಲಿತ ಮೇಲೆ ಆ ಮಳೆಗೆ ಸಿಕ್ಕರೆ ಬಟ್ಟಲು ತೆರೆದು ಬೀಜ ಹೋಗುತ್ತದೆ, ತೆನೆ ನೆನೆದು ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ರೈತನಿಗೆ ಸಿಗುವುದು ಕೆಲವೇ ದಿನ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಬಿಸಿಲಿರುವ ದಿನ ನೋಡಿ ಕೊಯ್ಯಬೇಕು. ಇಬ್ಬನಿಗೂ ಬಟ್ಟಲು ಬಾಯಿ ಬಿಡುತ್ತದೆ.

ಚೀನಾ ಸರ್ಕಾರದ ಔಷಧಕೋಶ, ಅಂದರೆ ಫಾರ್ಮಕೋಪಿಯಾ, ಕೊಯ್ಲಿಗೆ ಹೇಳುವುದು ತಾರೀಖನ್ನಲ್ಲ, ಬಣ್ಣವನ್ನು. ತೆನೆ ಕೆಂಗಂದು ಬಣ್ಣಕ್ಕೆ ತಿರುಗಿದಾಗ ಕೊಯ್ಯಿರಿ ಎನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಬಹಳ ವಿವೇಕದ ಮಾತು, ತಾರೀಖು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಬಣ್ಣ ಮೋಸ ಮಾಡುವುದಿಲ್ಲ. ಇದರಲ್ಲಿ ಒಂದು ಸೂಕ್ಷ್ಮವಿದೆ. ತೆನೆಯ ಗುಣಮಟ್ಟ ಅಳೆಯಲು ಈಗ ರೋಸ್ಮರಿನಿಕ್ ಆಮ್ಲ ಎಂಬ ಅಂಶವನ್ನು ನೋಡುತ್ತಾರೆ. ಒಣ ತೂಕದಲ್ಲಿ ಅದು 0.20 ಶೇಕಡಕ್ಕಿಂತ ಕಡಿಮೆ ಇರಬಾರದು. ತೆನೆ ಹಸಿರಾಗಿದ್ದಾಗ ಇದು ಹೆಚ್ಚಿರುತ್ತದೆ, ಬಲಿಯುತ್ತಾ ಹೋದ ಹಾಗೆ ಇಳಿಯುತ್ತದೆ. ಹಾಗಾದರೆ ಹಸಿರಿರುವಾಗಲೇ ಕೊಯ್ದರಾಯಿತಲ್ಲ ಎಂದು ಕೇಳುವವರಿದ್ದಾರೆ. ಆದರೆ ಹಸಿ ತೆನೆಯಲ್ಲಿ ನೀರು ಹೆಚ್ಚು, ಒಣಗಿದಾಗ ಸುಕ್ಕಿ ತೂಕ ಬೀಳುತ್ತದೆ, ಔಷಧಕೋಶ ಕೇಳುವ ಬಣ್ಣವೂ ಬರುವುದಿಲ್ಲ. ಪೂರ್ತಿ ಒಣಗಿ ಬೂದುಗಪ್ಪಾಗುವ ತನಕ ಕಾದರೆ ಬೀಜವೂ ಹೋಗಿ ಸಾರವೂ ಹೋಗಿರುತ್ತದೆ. ಕೆಂಗಂದು ಎನ್ನುವುದು ಈ ಎರಡರ ನಡುವಿನ ಸಣ್ಣ ಕಿಂಡಿ.

ಹಿಂದೆ ಅವರು ಬೇರೆ ಅಳತೆಗೋಲು ಇಟ್ಟಿದ್ದರು, ಉರ್ಸೋಲಿಕ್ ಆಮ್ಲ. ಅದೂ ಈ ಗಿಡದಲ್ಲಿ ಇರುವುದೇ. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು. ರೋಗಿ ಕುಡಿಯುವುದು ನೀರಿನ ಕಷಾಯ. ಕಷಾಯಕ್ಕೆ ಇಳಿಯದ ಅಂಶವನ್ನು ಅಳೆದು ತೆನೆ ಚೆನ್ನಾಗಿದೆ ಎನ್ನುವುದರಲ್ಲಿ ಹೆಚ್ಚು ಅರ್ಥವಿಲ್ಲ. ರೋಸ್ಮರಿನಿಕ್ ಆಮ್ಲ ಬಿಸಿನೀರಿಗೆ ಇಳಿಯುತ್ತದೆ. ನಮ್ಮ ತುಳಸಿ, ಪುದೀನದಲ್ಲೂ ಇರುವ ಅಂಶವೇ ಅದು.

ಕೊಯ್ದದ್ದನ್ನು ರಾಶಿ ಹಾಕಬಾರದು. ರಾಶಿಯ ಒಳಗೆ ಕಾವು ಕೂತು ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ. ಚಾಪೆಯ ಮೇಲೆ ತೆಳುವಾಗಿ ಹರಡಿ, ದಿನಕ್ಕೆ ಎರಡು ಮೂರು ಸಲ ತಿರುವಿ ಹಾಕಬೇಕು, ಸಂಜೆ ಒಳಗೆ ತರಬೇಕು. ಒಣಗಿದ ಮೇಲೆ ತೆನೆಯ ಬುಡದ ಕಾಂಡವನ್ನು ಮೋಟಾಗಿ ಕತ್ತರಿಸಿ, ಮೊರದಲ್ಲಿ ಕೇರಿ ಮಣ್ಣು, ಹುಲ್ಲು, ಎಲೆ ತೆಗೆಯಬೇಕು. ಔಷಧಕೋಶದ ಮಿತಿ ಹೀಗಿದೆ: ತೇವಾಂಶ 14 ಶೇಕಡ ಮೀರಬಾರದು, ಸುಟ್ಟಾಗ ಉಳಿಯುವ ಒಟ್ಟು ಬೂದಿ 12 ಶೇಕಡ ಮೀರಬಾರದು, ಆಮ್ಲದಲ್ಲಿ ಕರಗದ ಬೂದಿ 4 ಶೇಕಡ ಮೀರಬಾರದು. ಈ ಕೊನೆಯ ಸಂಖ್ಯೆ ನಿಜಕ್ಕೂ ಮರಳಿನ ಲೆಕ್ಕ. ಬೀಸಣಿಗೆ ಎಲೆಯ ಸಂದಿಯಲ್ಲಿ, ರೋಮದ ನಡುವೆ ಧೂಳು ಮರಳು ಹೇಗೆ ಕೂರುತ್ತದೆ ಎಂದು ನಿಮ್ಮ ಕೈಯಲ್ಲಿರುವ ತೆನೆಯನ್ನು ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಬೆಳೆಸುವ ವಿಷಯ ಚುಟುಕಾಗಿ ಹೇಳಿ ಮುಂದೆ ಹೋಗೋಣ. ಬೀಜ ಬಹಳ ಸಣ್ಣದು, ಸಣ್ಣ ಮರಳಿನ ಜೊತೆ ಬೆರೆಸಿ 25ರಿಂದ 30 ಸೆಂಟಿಮೀಟರ್ ಅಂತರದ ಸಾಲಿನಲ್ಲಿ ಬಿತ್ತುತ್ತಾರೆ. ಮೇಲೆ ಬೀಜ ಕಾಣದಷ್ಟು ಮಾತ್ರ ಮಣ್ಣನ್ನು ತೆಳುವಾಗಿ ಮುಚ್ಚಬೇಕು. ಆಳಕ್ಕೆ ಹೋದ ಬೀಜ ಮೇಲೇಳುವುದಿಲ್ಲ. ಬಿತ್ತಿದ ಮೇಲೆ ನೆಲದ ಮೇಲ್ಪದರ ಒಣಗಲೂ ಬಾರದು, ನೀರು ನಿಲ್ಲಲೂ ಬಾರದು. ಅವರಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಬಿತ್ತಿದ್ದು ಚಳಿ ಉಂಡು ಮುಂದಿನ ಮೇ ತಿಂಗಳಿಗೆ ಚೆನ್ನಾಗಿ ತೆನೆ ಕೊಡುತ್ತದೆ. ವಸಂತದಲ್ಲಿ ಬಿತ್ತಿದ್ದು ಆ ವರ್ಷ ಎಲೆಯಲ್ಲೇ ಕಾಲ ಕಳೆಯುವುದು ಹೆಚ್ಚು. ಇಲ್ಲಿರುವ ಕೃಷಿಕರು ನಮ್ಮಲ್ಲಿ ಬೆಳೆಯಬಹುದೇ ಎಂದು ಕೇಳುತ್ತಾರೆ ಎಂದು ಗೊತ್ತು. ಚಳಿ ಉಣ್ಣಬೇಕಾದ ಗಿಡ, ತೆನೆ ಬಲಿಯುವಾಗ ಒಣ ಹವೆ ಬೇಕಾದ ಗಿಡ. ಬಯಲುಸೀಮೆಯಲ್ಲಿ ಮೊದಲನೆಯದು ಸಿಗುವುದಿಲ್ಲ, ಮಲೆನಾಡಿನಲ್ಲಿ ಜೂನ್ ತಿಂಗಳಿಗೆ ಎರಡನೆಯದು ಸಿಗುವುದಿಲ್ಲ. ಅದಕ್ಕೆ ಹಣ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹೆಸರಿನ ಗೊಂದಲಕ್ಕೆ ಬರೋಣ. ಚೀನಾದಲ್ಲೇ 'ಬಿಳಿರೋಮದ ಶ್ಯಾ ಕು ತ್ಸಾವ್' ಎಂದು ಜನ ಕರೆಯುವ ಇನ್ನೊಂದು ಗಿಡವಿದೆ, ಅಜುಗ ಡೆಕಂಬೆನ್ಸ್. ಕುಟುಂಬ ಒಂದೇ, ಗಿಡ ಬೇರೆ. ಬಳಸುವ ಭಾಗವೂ ಬೇರೆ, ಅದರಲ್ಲಿ ಇಡೀ ಗಿಡ ಬಳಸುತ್ತಾರೆ, ಮುಖ್ಯವಾಗಿ ಕೆಮ್ಮು ಕಫಕ್ಕೆ. ಔಷಧಕೋಶ ಅದಕ್ಕೆ ಜಿನ್ ಗು ತ್ಸಾವ್ ಎಂಬ ಬೇರೆಯೇ ಹೆಸರು ಕೊಟ್ಟಿದೆ. ಅದರಲ್ಲಿ ಈ ಉರುಳೆ ಆಕಾರದ ಬಿಗಿ ತೆನೆ ಇರುವುದಿಲ್ಲ. ತೆನೆಯೇ ಇಲ್ಲದ ಎಲೆ ಕಾಂಡದ ತುಂಡುಗಳನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ದೇಶದ ಗೊಂದಲ ಇನ್ನೂ ದೊಡ್ಡದು. ಯುನಾನಿ ವೈದ್ಯದಲ್ಲಿ ಉಸ್ತುಖುದ್ದೂಸ್ ಎಂಬ ಔಷಧವಿದೆ. ಗ್ರಂಥಗಳಲ್ಲಿ ಹೇಳಿರುವ ಅಸಲು ಗಿಡ ಮೆಡಿಟರೇನಿಯನ್ ಕಡೆಯ ಲ್ಯಾವೆಂಡರ್ ಜಾತಿಯದು, ಲ್ಯಾವೆಂಡುಲ ಸ್ಟೀಕಾಸ್. ನಮ್ಮ ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಕಾಶ್ಮೀರದ ಕಡೆಯಿಂದ ಬಂದ ಪ್ರುನೆಲ್ಲ ತೆನೆಗಳು ಮಾರಾಟವಾಗುತ್ತವೆ. ದೂರದಿಂದ ನೋಡಿದರೆ ಎರಡೂ ಒಣ ತೆನೆಯೇ. ಆದರೆ ಲ್ಯಾವೆಂಡರ್ ತೆನೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕರ್ಪೂರದ ಹಾಗೆ ಮೂಗಿಗೆ ಹೊಡೆಯುತ್ತದೆ. ಪ್ರುನೆಲ್ಲ ತಿಕ್ಕಿದರೆ ಒಣಹುಲ್ಲು. ನಾವು ಗ್ರಂಧಿಗೆ ಅಂಗಡಿಗೆ ಹೋದಾಗ ಉಸ್ತುಖುದ್ದೂಸ್ ಕೇಳಿದರೆ ಮೊದಲು ತಿಕ್ಕಿ ಮೂಸಬೇಕು. ಘಮ ಬರದಿದ್ದರೆ, ಎರಡು ತುಟಿಯ ಬಟ್ಟಲು, ಬೀಸಣಿಗೆ ಎಲೆ ಕಂಡರೆ, ಕೈಗೆ ಬಂದಿರುವುದು ಇವತ್ತಿನ ನಮ್ಮ ಗಿಡ. ಎರಡರಲ್ಲಿ ಯಾವುದು ಮೇಲು ಎಂಬ ಮಾತಲ್ಲ ಇದು. ವೈದ್ಯರು ಒಂದನ್ನು ಬರೆದು ರೋಗಿಗೆ ಇನ್ನೊಂದು ಸಿಕ್ಕರೆ ಫಲಕ್ಕೆ ಯಾರು ಹೊಣೆ?

ಇನ್ನು ಉಪಯೋಗ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ್ದೆಂದು ಹೇಳುವ, ದೇವತಾಪುರುಷ ಶೆನ್‌ನೊಂಗನ ಹೆಸರಿನಲ್ಲಿರುವ ಮೂಲಿಕೆ ಗ್ರಂಥದಲ್ಲಿ 365 ಔಷಧಗಳಿವೆ, ಮೂರು ದರ್ಜೆಯಲ್ಲಿ. ಶ್ಯಾ ಕು ತ್ಸಾವ್ ಇರುವುದು ಮೂರನೇ ದರ್ಜೆಯಲ್ಲಿ. ಕೆಳದರ್ಜೆ ಎಂದರೆ ಕೀಳು ಎಂದಲ್ಲ. ಮೊದಲ ದರ್ಜೆಯವು ದಿನವೂ ಸೇವಿಸಬಹುದಾದವು, ಮೂರನೆಯವು ರೋಗ ಬಂದಾಗ ಮಾತ್ರ ಕೊಟ್ಟು ನಿಲ್ಲಿಸಬೇಕಾದವು. ಅದರಲ್ಲಿ ಹೇಳಿರುವುದು ಮುಖ್ಯವಾಗಿ ಕುತ್ತಿಗೆಯ ಗಂಟುಗಳು, ನಮ್ಮ ವೈದ್ಯದ ಮಾತಿನಲ್ಲಿ ಗಂಡಮಾಲೆ ಮತ್ತು ಗಳಗಂಡ. ಕಣ್ಣಿನ ಮಾತು ಅಲ್ಲಿ ಇಲ್ಲ. ಈಗ ಜನ ಈ ಗಿಡ ಎಂದರೆ ಮೊದಲು ನೆನೆಯುವ ಕಣ್ಣುರಿ, ಕಣ್ಣುನೋವು ಆಮೇಲೆ ಸೇರಿದ್ದು.

ಆ ಕಣ್ಣಿನ ಯೋಗವನ್ನು, ಅಂದರೆ ಔಷಧಗಳ ಮಿಶ್ರಣವನ್ನು, 16ನೇ ಶತಮಾನದ ವೈದ್ಯ ಲಿ ಶಿಝೆನ್ ತನ್ನ ದೊಡ್ಡ ಮೂಲಿಕೆ ಗ್ರಂಥದಲ್ಲಿ ಎತ್ತಿ ಹೇಳಿದ್ದಾನೆ, ಅದು ಅಚ್ಚಾದದ್ದು 1596ರಲ್ಲಿ. ರಾತ್ರಿ ಹೊತ್ತು ಹೆಚ್ಚಾಗುವ ಕಣ್ಣುಗುಡ್ಡೆಯ ನೋವಿಗೆ ಅದು. ಶ್ಯಾ ಕು ತ್ಸಾವ್ ಎರಡು ಲ್ಯಾಂಗ್, ಶ್ಯಾಂಗ್‌ಫು ಎರಡು ಲ್ಯಾಂಗ್, ಗಾನ್‌ತ್ಸಾವ್ ನಾಲ್ಕು ಚ್ಯಿಯೆನ್. ಇವು ಅಲ್ಲಿನ ಹಳೆಯ ತೂಕಗಳು, ಒಂದು ಲ್ಯಾಂಗಿಗೆ ಹತ್ತು ಚ್ಯಿಯೆನ್, ಅಂದರೆ 5:5:1 ಪ್ರಮಾಣ. ಪುಡಿ ಮಾಡಿ ಸಲಕ್ಕೆ ಒಂದೂವರೆ ಚ್ಯಿಯೆನ್, ಸುಮಾರು ಐದೂವರೆ ಗ್ರಾಂ, ತಿಳಿ ಚಹಾದಲ್ಲಿ ಕದಡಿ ಕುಡಿಯುವುದು. ಹೆಸರು ಕೇಳಿ ದೂರ ಎನಿಸಬೇಡಿ, ಶ್ಯಾಂಗ್‌ಫು ಎಂದರೆ ನಮ್ಮ ಹೊಲದ ಕಳೆ ಕೊನ್ನಾರಿಯ ಗಡ್ಡೆ. ಗಾನ್‌ತ್ಸಾವ್ ಎಂದರೆ ಜ್ಯೇಷ್ಠಮಧು. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ರಾತ್ರಿ ಹೊತ್ತು ಕಣ್ಣು ಸಿಡಿಯುವ ಹಾಗೆ ನೋವು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ವಾಂತಿ, ಇವು ಗ್ಲಾಕೋಮದ ಲಕ್ಷಣ ಆಗಿರಬಹುದು. ಆಗ ಪುಡಿ ಕದಡುತ್ತಾ ಕೂರುವ ಹಾಗಿಲ್ಲ, ಅದೇ ರಾತ್ರಿ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗಬಹುದು.

ಗಳಗಂಡದ ವಿಷಯದಲ್ಲೂ ಒಂದು ಎಚ್ಚರ ಬೇಕು. ಚೀನೀ ಯೋಗಗಳಲ್ಲಿ ಈ ತೆನೆ ಒಂಟಿಯಾಗಿ ಬರುವುದು ಅಪರೂಪ. ಸಮುದ್ರದ ಪಾಚಿ, ಸಿಂಪಿಚಿಪ್ಪು ಜೊತೆಗಿರುತ್ತವೆ. ಸಮುದ್ರಪಾಚಿಯನ್ನು ಗಳಗಂಡಕ್ಕೆ ಕೊಡುವುದು 4ನೇ ಶತಮಾನದ ಗ ಹೊಂಗ್ ಎಂಬ ವೈದ್ಯನ ಕಾಲದಿಂದಲೂ ಇದೆ. ಪಾಚಿಯಲ್ಲಿ ಅಯೋಡಿನ್ ತುಂಬಿರುತ್ತದೆ ಎನ್ನುವುದು ಈಗ ನಮಗೆ ಗೊತ್ತು. ಅಯೋಡಿನ್ ಕೊರತೆಯ ಗಳಗಂಡ ಇಳಿದರೆ ಅದರ ಶ್ರೇಯಸ್ಸನ್ನು ಪಾಚಿಗೆ ಕೊಡಬೇಕೇ, ತೆನೆಗೆ ಕೊಡಬೇಕೇ? ನಮ್ಮದೇ ಉದಾಹರಣೆ ನೋಡಿ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ಪ್ರುನೆಲ್ಲ ಬೆಳೆಯುವ ಸೀಮೆಯೇ ಅದು. ಅಲ್ಲಿ 1950ರ ದಶಕದಲ್ಲಿ ಶುರುವಾದ ಪ್ರಯೋಗದಲ್ಲಿ ಕಾಯಿಲೆ ಇಳಿಸಿದ್ದು ಉಪ್ಪಿಗೆ ಬೆರೆಸಿದ ಅಯೋಡಿನ್. ಚೀನಾದ ಆಸ್ಪತ್ರೆಗಳಲ್ಲಿ ಇವತ್ತು ಥೈರಾಯ್ಡ್ ಗಂಟಿಗೆ ಶ್ಯಾ ಕು ತ್ಸಾವ್ ಸಾರದ ಮಾತ್ರೆ, ಕ್ಯಾಪ್ಸೂಲ್ ಕೊಡುತ್ತಾರೆ, ಬಹಳ ಸಲ ಬೇರೆ ಔಷಧದ ಜೊತೆಗೇ. ಜೊತೆಗೆ ಕೊಟ್ಟಾಗ ಯಾವುದರಿಂದ ಎಷ್ಟು ಎಂದು ಬಿಡಿಸುವುದು ಕಷ್ಟ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇದರ ಸಾರ ಹರ್ಪಿಸ್ ವೈರಸ್ಸನ್ನು ತಡೆದದ್ದೂ ಉಂಟು. ಗಾಜಿನ ತಟ್ಟೆ ಬೇರೆ, ಮನುಷ್ಯನ ಮೈ ಬೇರೆ. ಥೈರಾಯ್ಡ್ ಮಾತ್ರೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನಂಬಿ ಅದನ್ನು ಬಿಡುವುದು ಬೇಡವೇ ಬೇಡ.

ಈಗ ಅಡುಗೆಮನೆಗೆ ಬರೋಣ. ಔಷಧಕೋಶ ಹೇಳುವ ದಿನದ ಪ್ರಮಾಣ 9ರಿಂದ 15 ಗ್ರಾಂ. ತೆನೆ ಹಗುರವಾದ್ದರಿಂದ ಕಣ್ಣಳತೆ ಖಂಡಿತ ಮೋಸ ಮಾಡುತ್ತದೆ, ತಕ್ಕಡಿ ಬೇಕು. ತೂಗಿದ್ದನ್ನು ಮೊದಲು ತಣ್ಣೀರಿನಲ್ಲಿ ಬೇಗ ಬೇಗ ಎರಡು ಸಲ ಜಾಲಿಸಿ, ಮರಳು ಹೋಗಲಿ. ಆ ನೀರಿನಲ್ಲೇ ನೆನೆಸಿಡಬೇಡಿ, ಬಟ್ಟಲು ತೆರೆದು ಒಳಗಿನ ಸಾರವೂ ಹೋಗುತ್ತದೆ. ಮಡಕೆಗೆ ಹಾಕಿ, ತೆನೆಯ ಮೇಲೆ ಎರಡು ಮೂರು ಬೆರಳು ನಿಲ್ಲುವಷ್ಟು ನೀರು ಹೊಯ್ದು ಅರ್ಧ ಗಂಟೆ ಬಿಡಿ. ಮೇಲೆ ತೇಲುವ ತೆನೆಗಳನ್ನು ಸೌಟಿನಿಂದ ಅದುಮಿ ಮುಳುಗಿಸಿ. ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ 20ರಿಂದ 30 ನಿಮಿಷ. ಸೋಸಿಟ್ಟು, ಮತ್ತೆ ನೀರು ಹಾಕಿ ಇನ್ನೊಂದು ಸಲ ಕುದಿಸಿ, ಎರಡನ್ನೂ ಬೆರೆಸಿ ದಿನಕ್ಕೆ ಎರಡು ಹೊತ್ತು ಕುಡಿಯುವುದು ಅಲ್ಲಿನ ಪದ್ಧತಿ. ಪಾತ್ರೆ ಮಣ್ಣಿನದು, ಗಾಜಿನದು ಅಥವಾ ಸ್ಟೀಲಿನದು ಇರಲಿ. ಕಬ್ಬಿಣದ ಬಾಣಲೆ ಬೇಡ, ಒಗರು ಅಂಶ ಕಬ್ಬಿಣದ ಜೊತೆ ಸೇರಿ ಕಷಾಯ ಕಪ್ಪಾಗುತ್ತದೆ. ಸೋಸಲು ಚಹಾ ಜರಡಿ ಸಾಲದು, ತೆಳು ಬಟ್ಟೆ ಬೇಕು. ಬೀಸಣಿಗೆ ಎಲೆಯ ರೋಮ ಜರಡಿಯಿಂದ ಇಳಿದು ಗಂಟಲಲ್ಲಿ ಕಚಗುಳಿ ಇಟ್ಟು ಕೆಮ್ಮಿಸುತ್ತದೆ. ಕಷಾಯ ಒಗರು ಎಂದು ಎಸೆಯುವ ಎಷ್ಟೋ ಜನ ನಿಜವಾಗಿ ಎಸೆಯುವುದು ಸೋಸದ ರೋಮವನ್ನು.

ಗ್ವಾಂಗ್‌ಡಾಂಗ್ ಪ್ರಾಂತ ನಮ್ಮ ಕರಾವಳಿಯ ಹಾಗೆ ಸೆಕೆಯ ನಾಡು. ಅಲ್ಲಿ ಲ್ಯಾಂಗ್‌ಚಾ ಎಂಬ ತಂಪು ಕಷಾಯದ ಅಂಗಡಿಗಳು ಬೀದಿಬೀದಿಯಲ್ಲಿವೆ. ನಮ್ಮ ಕಡೆ ಉಷ್ಣಕ್ಕೆ ಸೊಗದೆ ಬೇರಿನ ಶರಬತ್ತು ಕುಡಿಯುವ ಹಾಗೆ ಅಲ್ಲಿಯವರು ಇದನ್ನು ಕುಡಿಯುತ್ತಾರೆ. ಡಬ್ಬಿಯಲ್ಲಿ ಬರುವ ಹೆಸರಾಂತ ಲ್ಯಾಂಗ್‌ಚಾದಲ್ಲಿ ಶ್ಯಾ ಕು ತ್ಸಾವ್ ಜೊತೆ ಸೇವಂತಿಗೆ, ಜ್ಯೇಷ್ಠಮಧು, ಮತ್ತೆ ನಮ್ಮ ದೇವಸ್ಥಾನದ ಅಂಗಳದ ದೇವಕಣಗಿಲೆ ಹೂ ಇರುತ್ತದೆ. ಔಷಧವನ್ನು ತಂಪು ಪಾನೀಯದಲ್ಲಿ ಹಾಕಬಹುದೇ ಎಂಬ ಚರ್ಚೆ 2009ರಲ್ಲಿ ಜೋರಾಗಿ ನಡೆದು, 2010ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಲ್ಯಾಂಗ್‌ಚಾ ಪಾನೀಯಕ್ಕೆ ಬಳಸಬಹುದು ಎಂದು ಒಪ್ಪಿಗೆ ಕೊಟ್ಟಿತು. ಇನ್ನೊಂದು ಮನೆಮಾತು 'ಶ್ಯಾ ಸಾಂಗ್ ಜು'. ಶ್ಯಾ ಎಂದರೆ ಈ ಗಿಡ, ಸಾಂಗ್ ಎಂದರೆ ಹಿಪ್ಪುನೇರಳೆ ಸೊಪ್ಪು, ಜು ಎಂದರೆ ಸೇವಂತಿಗೆ, ಅದರಲ್ಲೂ ಕಾಡು ಸೇವಂತಿಗೆ. ಹರಳು ರೂಪದಲ್ಲಿ ಮಾಡುವಾಗ ಔಷಧಕೋಶದ ಅಳತೆ ಶ್ಯಾ ಕು ತ್ಸಾವ್ 500 ಗ್ರಾಂ, ಹಿಪ್ಪುನೇರಳೆ ಸೊಪ್ಪು 175 ಗ್ರಾಂ, ಕಾಡು ಸೇವಂತಿಗೆ 80 ಗ್ರಾಂ. ರಾಮನಗರ, ಕೋಲಾರದ ಕಡೆಯಿಂದ ಬಂದವರು ಇಲ್ಲಿದ್ದರೆ ಅವರಿಗೆ ಹಿಪ್ಪುನೇರಳೆ ಎಂದರೆ ರೇಷ್ಮೆ ಹುಳುವಿನ ಮೇವು. ಚೀನಾದಲ್ಲಿ ಹುಳುವಿಗೂ ಅದೇ, ಮನುಷ್ಯನ ಕಷಾಯಕ್ಕೂ ಅದೇ. ವ್ಯತ್ಯಾಸ ಕೊಯ್ಯುವ ಕಾಲದ್ದು. ಔಷಧಕ್ಕೆ ಇಬ್ಬನಿ ಹೆಪ್ಪುಗಟ್ಟುವಂಥ ಮೊದಲ ಚಳಿ ಬಿದ್ದ ಮೇಲಿನ ಎಲೆ ತೆಗೆಯುತ್ತಾರೆ.

ಲೇಹ್ಯವೂ ಇದೆ. ತೆನೆಯನ್ನು ಮೂರು ಸಲ ನೀರಿನಲ್ಲಿ ಕುದಿಸಿ, ಸೋಸಿದ ನೀರನ್ನೆಲ್ಲ ಒಟ್ಟು ಮಾಡಿ ಗಟ್ಟಿಯಾಗುವ ತನಕ ಬತ್ತಿಸುತ್ತಾರೆ. ಆ ಗಟ್ಟಿ ಸಾರ 100 ಗ್ರಾಮಿಗೆ ಕಾಯಿಸಿದ ಜೇನು ಅಥವಾ ಸಕ್ಕರೆ 200 ಗ್ರಾಂ. ಒಂದು ಸಲಕ್ಕೆ 9 ಗ್ರಾಂ, ದಿನಕ್ಕೆ ಎರಡು ಸಲ. ಸಾರಕ್ಕಿಂತ ಎರಡು ಪಾಲು ಸಿಹಿ ಇದೆ ಎನ್ನುವುದನ್ನು ಸಕ್ಕರೆ ಕಾಯಿಲೆಯವರು ಗಮನಿಸಬೇಕು. ಬತ್ತಿಸುವಾಗ ಕೊನೆಯ ಹಂತದಲ್ಲಿ ಕೈ ಬಿಟ್ಟರೆ ತಳ ಹಿಡಿದು ಸುಟ್ಟ ಕಹಿ ಬರುತ್ತದೆ. ಆ ಕಹಿಯನ್ನು ಯಾವ ಜೇನೂ ಮುಚ್ಚುವುದಿಲ್ಲ.

ಸೊಪ್ಪಿನ ಮಾತು ಬಿಟ್ಟೇಹೋಗಿತ್ತು. 1406ರಲ್ಲಿ ಮಿಂಗ್ ರಾಜಕುಮಾರ ಝು ಸು, ಹೆನಾನಿನ ಕಾಯ್‌ಫೆಂಗಿನಲ್ಲಿ ಇದ್ದುಕೊಂಡು, ಬರಗಾಲದಲ್ಲಿ ತಿನ್ನಬಹುದಾದ ಗಿಡಗಳ ಪುಸ್ತಕ ಮಾಡಿಸಿದ. ಅದರಲ್ಲಿ ಈ ಗಿಡವಿದೆ. ಎಳೆ ಎಲೆಯನ್ನು ಬೇಯಿಸಿ, ನೀರು ಬದಲಾಯಿಸಿ ನೆನೆಸಿ ಕಹಿ ತೆಗೆದು, ಎಣ್ಣೆ ಉಪ್ಪು ಹಾಕಿ ತಿನ್ನಿ ಎಂದಿದೆ. ನಾವು ಕಹಿ ಸೊಪ್ಪನ್ನು ಬೇಯಿಸಿ ನೀರು ಬಸಿಯುವುದೂ ಇದೇ ಉಪಾಯ.

ಒಣಗುವ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಕೇಳುವವರಿದ್ದಾರೆ, ಜೂನ್ ತಿಂಗಳಲ್ಲಿ ಗಿಡ ಸಾಯುತ್ತದೆಯೇ ಎಂದು. 14ನೇ ಶತಮಾನದ ವೈದ್ಯ ಝು ಝೆನ್‌ಹೆಂಗ್ ಅದಕ್ಕೆ ಕೊಟ್ಟ ವಿವರಣೆ ಹೀಗಿದೆ: ಇದು ಶುದ್ಧ ಯಾಂಗ್, ಅಂದರೆ ಬಿಸಿ-ಬೆಳಕಿನ ಶಕ್ತಿಯನ್ನು ಹೀರಿ ಬೆಳೆದ ಗಿಡ. ಉದ್ದದ ಹಗಲು ದಾಟಿ ಯಿನ್, ಅಂದರೆ ತಂಪು-ನೆರಳಿನ ಶಕ್ತಿ, ಹುಟ್ಟಿದ ಕೂಡಲೇ ಒಣಗುತ್ತದೆ. ಹೊಲದಲ್ಲಿ ಹೋಗಿ ನೋಡಿದರೆ ಒಣಗುವುದು ಹೂ ಬಿಟ್ಟ ಕಾಂಡ ಮಾತ್ರ. ಅದರ ಬುಡದಲ್ಲಿ ನೆಲಕ್ಕಂಟಿದ ಹಸಿರು ಬಳ್ಳಿ ಬದುಕಿಯೇ ಇರುತ್ತದೆ. ಇದು ಬಹುವಾರ್ಷಿಕ ಗಿಡ. ಹಾಗಾಗಿ ತೆನೆ ಕೊಯ್ಯುವವರು ಬುಡ ಕೀಳಬಾರದು. ಕುಡುಗೋಲನ್ನು ತೆನೆಯ ಕೆಳಗೇ ಆಡಿಸಬೇಕು. ಕಾಡಿನಿಂದ ಆರಿಸಿ ತರುವ ಕಡೆ ಗಿಡವನ್ನೇ ಕಿತ್ತು ತರುವ ಅಭ್ಯಾಸದಿಂದ ಎರಡು ನಷ್ಟ: ಮುಂದಿನ ವರ್ಷ ಅಲ್ಲಿ ಗಿಡ ಇರುವುದಿಲ್ಲ, ಈ ವರ್ಷ ತೂಕದಲ್ಲಿ ಕಾಂಡವೇ ಹೆಚ್ಚಾಗಿ ಮಾಲಿನ ದರ್ಜೆ ಬೀಳುತ್ತದೆ.

ಯಾರು ಕುಡಿಯಬಾರದು ಎಂದರೆ, ಚೀನೀ ವೈದ್ಯರ ಭಾಷೆಯಲ್ಲಿ ಇದು ಕಹಿ, ಖಾರ, ಶೀತ ಗುಣದ್ದು. ಹೊಟ್ಟೆ ತಣ್ಣಗಿರುವವರು, ಅಂದರೆ ತಿಂದದ್ದು ಅರಗದೆ ಪದೇ ಪದೇ ಭೇದಿಯಾಗುವವರು ದೂರ ಇರಬೇಕು. ಬಹಳ ದಿನ ಕೊಡಲೇಬೇಕಾದಾಗ ಅವರು ಜೀರ್ಣಶಕ್ತಿ ಹಿಡಿದಿಡುವ ಬೇರೆ ಮೂಲಿಕೆ ಸೇರಿಸಿ ಕೊಡುತ್ತಾರೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು ವೈದ್ಯರನ್ನು ಕೇಳದೆ ಮುಟ್ಟಬಾರದು. ಕುಡಿದ ಮೇಲೆ ಮೈ ತುರಿಕೆ, ದದ್ದು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಶೀಶೆಯಲ್ಲಿ ಇಡುವುದಾದರೆ ಮುಚ್ಚಳ ಬಿಗಿ ಇರಲಿ, ನಮ್ಮ ಮಳೆಗಾಲದ ಗಾಳಿಯೊಂದೇ ಸಾಕು ತೆನೆ ಮೆತ್ತಗಾಗಲು. ಮುರಿದಾಗ ಟಪ್ ಎನ್ನದೆ ಬಾಗಿದರೆ ತೇವ ಹಿಡಿದಿದೆ, ಇನ್ನೊಮ್ಮೆ ಬಿಸಿಲಿಗೆ ಹಾಕಿ. ಬಟ್ಟಲಿನ ಒಳಗೆ ಬಿಳಿ ಅಥವಾ ಹಸಿರು ಬೂಷ್ಟು ಕಂಡರೆ ಒಣಗಿಸಲು ಹೋಗದೆ ಎಸೆಯಿರಿ. ಈಗ ಲೋಟದಲ್ಲಿರುವ ತೆನೆ ನೋಡಿ, ಮೇಲಿನ ನಾಲ್ಕು ಸುತ್ತುಗಳ ತುಟಿ ಬಿಟ್ಟಿವೆ. ತಳದಲ್ಲಿ ಲೋಳೆ ಸುತ್ತಿಕೊಂಡ ಬೀಜ ಬಿದ್ದಿವೆ, ಬೇಕಾದವರು ಬೆರಳ ತುದಿಯಲ್ಲಿ ಎತ್ತಿ ನೋಡಬಹುದು.